ಹನ್ನೆರಡು ಲಕ್ಷದ ಎಸ್ಟಿಮೇಟು

ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿಗೆ ಕಿಟಕಿ ಇರುವುದಿಲ್ಲ. ಇದ್ದರೆ ಕಾವು ಹೊರಗೆ ಹೋಗಿ ಎಲೆ ಕೆಡುತ್ತದೆ. ಅಂಥ ಬ್ಯಾರನ್ನಿನಲ್ಲಿ ಕಾಂತರಾಜುವಿನ ಸಂಸಾರ ಫೆಬ್ರವರಿಯಿಂದ ವಾಸವಾಗಿತ್ತು. ರಾಮನಾಥಪುರದ ಹೊಗೆಸೊಪ್ಪಿನ ಹರಾಜು ಮುಗಿದ ವಾರವೇ ಹಳೇ ಹೆಂಚಿನ ಮನೆಯ ಪಾತ್ರೆ, ಹಾಸಿಗೆ, ಟೀವಿ, ದೇವರ ಪಟ ಎಲ್ಲವನ್ನೂ ಹಿತ್ತಲಿನ ಬ್ಯಾರನ್ನಿಗೆ ಸಾಗಿಸಿದ್ದರು. ಯುಗಾದಿಯ ಒಬ್ಬಟ್ಟನ್ನು ಹೊಸ ಅಡಿಗೆಮನೆಯಲ್ಲೇ ಬೇಯಿಸಬಹುದು ಎಂದು ಕಂಟ್ರಾಕ್ಟರ್ ಮೋಹನ್‌ಕುಮಾರ್ ಹೇಳಿದ್ದ. ಯುಗಾದಿ ಹೋಯಿತು. ಈಗ ಜೂನ್ ಕೊನೆ. ಹೊಲದಲ್ಲಿ ನಾಟಿ ಮಾಡಿದ ಹೊಗೆಸೊಪ್ಪು ಮೊಣಕಾಲೆತ್ತರ ಬಂದಿತ್ತು. ಬುಡದ ಎಲೆ ಹಳದಿಗೆ ತಿರುಗುವ ಹೊತ್ತಿಗೆ ಬ್ಯಾರನ್ ಖಾಲಿಯಾಗಬೇಕು. ಆಗದಿದ್ದರೆ ವರ್ಷದ ಬೆಳೆ ಗಿಡದಲ್ಲೇ ಕೊಳೆಯುತ್ತದೆ. ಮನುಷ್ಯರು ಎಲ್ಲಾದರೂ ಮಲಗಬಹುದು. ಹೊಗೆಸೊಪ್ಪಿಗೆ ಬೇರೆ ಜಾಗವಿಲ್ಲ.

ಮಗಳು ಸ್ಪಂದನಾ ಡ್ಯೂಟಿ ಮುಗಿಸಿ ಬಂದು, ಕಂಡಕ್ಟರ್ ಚೀಲವನ್ನು ಗೋಡೆಯ ಮೊಳೆಗೆ ಸಿಕ್ಕಿಸಿ, ಖಾಕಿ ಅಂಗಿಯಲ್ಲೇ ಊಟಕ್ಕೆ ಕೂತಳು. ಒಲೆ ಹೊರಗೆ ಟಾರ್ಪಾಲಿನ ಕೆಳಗಿತ್ತು. ಅವಳ ತಾಯಿ ಸ್ವರ್ಣಲತಾ ಅಲ್ಲಿಂದಲೇ ಮುದ್ದೆ ಕಟ್ಟಿ ತಂದು ತಟ್ಟೆಗೆ ಹಾಕಿದಳು.

“ಉಪ್ಪಿನಕಾಯಿ ಎಲ್ಲಮ್ಮ?”

“ಹಳೇ ಮನೆ ಅಟ್ಟದಾಗಿತ್ತು. ಅಟ್ಟ ಕೆಡವಿದ್ರಲ್ಲ, ಅದ್ರ ಜೊತೆ ಓಯ್ತು.”

ಬಾಗಿಲ ಹತ್ತಿರ ಕಾಲು ಚಾಚಿ ಕೂತಿದ್ದ ಅಜ್ಜಿ ಬೆಟ್ಟಮ್ಮ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು. “ಎಲೆ ಬೇಯ್ಸೋ ಜಾಗದಾಗೆ ನಮ್ನ ಬೇಯಿಸ್ತಾವ್ನೆ ನನ್ ತಮ್ಮನ ಮಗ. ಇನ್ನೊಂದ್ ತಿಂಗ್ಳು ಬುಟ್ರೆ ನನ್ನ ಕಡ್ಡಿಗೆ ಕಟ್ಟಿ ರಾಮನಾಥಪುರಕ್ಕೆ ತಕಂಡೋಗ್ಬೋದು.”

“ಯಾವ ಗ್ರೇಡ್ ಹಾಕಾರವ್ವ ನಿಂಗೆ?” ಎಂದ ಕಾಂತರಾಜು.

“ಒಂದ್ನೇ ನಂಬ್ರು ಕಣ್ಲಾ. ನಿನ್ನಂಗೆ ಕರಿ ಸೊಪ್ಪಲ್ಲ ನಾನು.”

ಎಲ್ಲರೂ ನಕ್ಕರು. ನಗು ನಿಂತ ಮೇಲೆ ಕಾಂತರಾಜು ಸಾರಿನ ಕಡೆ ನೋಡುತ್ತ ಹೇಳಿದ: “ಮೋಹನ ಫೋನ್ ಮಾಡಿದ್ದ. ಬ್ಯಾಂಕಿನ ಕೊನೇ ಕಂತಿಗೆ ನಿನ್ ಸಹಿ ಬೇಕಂತೆ, ಸ್ಪಂದ.”

“ಕೆಲಸ ಮುಗಿದಿದೆ ಅಂತ ಸಹಿ ಹಾಕ್ಬೇಕು ಅದಕ್ಕೆ. ಮುಗಿದಿದೆಯಾ?”

ಅವಳ ತಮ್ಮ ನಿಸರ್ಗ ಮೊಬೈಲಿನಿಂದ ತಲೆ ಎತ್ತಿದ. “ಹಾಕ್ಬುಡಕ್ಕ. ನಿಂದೇನು ಗಂಟೋಗುತ್ತೆ?”

“ಗಂಟೇ ಓಗೋದು. ಸಂಬಳದಿಂದ ಕಟ್ಟೋಳು ನಾನು.”

ಮೋಹನ್‌ಕುಮಾರ್ ಹೊರಗಿನವನಲ್ಲ. ಬೆಟ್ಟಮ್ಮನ ತಮ್ಮನ ಮಗ. ಹೊಳೆನರಸೀಪುರದಲ್ಲಿದ್ದುಕೊಂಡು ಸುತ್ತಲ ತಾಲ್ಲೂಕುಗಳಲ್ಲಿ ಮನೆ ಕೆಲಸ ಹಿಡಿಯುವವನು. ನೆಂಟನ ಕೈಯಲ್ಲಿ ಕರಾರು ಬರೆಸಿಕೊಳ್ಳುವುದೆಂದರೆ ಅವನ ಮುಖಕ್ಕೆ ಉಗಿದ ಹಾಗೆ ಎಂದು ಆ ಮನೆಯಲ್ಲಿ ಯಾರೂ ಆ ಮಾತೆತ್ತಲಿಲ್ಲ. ವೀಳ್ಯದೆಲೆಯ ಮೇಲೆ ಅಡ್ವಾನ್ಸ್ ಇಟ್ಟು ಬೆಟ್ಟಮ್ಮನ ಕೈಯಿಂದ ಕೊಡಿಸಿದರು. ಹೆಂಚು ಇಳಿಸಿ ಮೋಲ್ಡ್ ಹಾಕುವುದು, ಹೊಸ ಅಡಿಗೆಮನೆ, ಮನೆಯೊಳಗೇ ಬಚ್ಚಲು, ನೆಲಕ್ಕೆ ಟೈಲ್ಸು. ಎಲ್ಲ ಸೇರಿ ಎಂಟು ಲಕ್ಷ. ಕಿಟಕಿ ಬಾಗಿಲಿಗೆ ಬೆಟ್ಟಮ್ಮ ತಾನೇ ನೆಟ್ಟ ಹಿತ್ತಲ ಹಲಸಿನ ಮರವನ್ನು ಕಡಿಸಿ ಕೊಟ್ಟಳು. ಮೋಹನ್‌ಕುಮಾರ್ ಅದನ್ನು ಲಾರಿಗೆ ಹಾಕಿಸಿಕೊಂಡು ಕೊಯ್ಯಿಸಲು ಹೊಳೆನರಸೀಪುರಕ್ಕೆ ಒಯ್ದ.

ಇದೆಲ್ಲ ಬಾಯಿಮಾತು. ಬರೆದದ್ದು ಒಂದೇ ಕಾಗದ, ಬ್ಯಾಂಕಿಗೆ ಕೊಟ್ಟ ಎಸ್ಟಿಮೇಟು. ಅದರಲ್ಲಿ ಎಂಟು ಲಕ್ಷ ಹನ್ನೆರಡು ಲಕ್ಷವಾಗಿತ್ತು.

ಹೆಚ್ಚಿನ ನಾಲ್ಕು ಲಕ್ಷ ನಿಸರ್ಗನ ಗೂಡ್ಸ್ ಗಾಡಿಗೆ. ಡಿಗ್ರಿ ಮುಗಿಸಿ ಕೂತಿದ್ದ ಅವನು ಶುಂಠಿ, ಜೋಳ ಸಾಗಿಸಿ ದುಡಿಯುತ್ತೇನೆ ಎಂದಿದ್ದ. ಗಾಡಿ ಸಾಲಕ್ಕೆ ಬಡ್ಡಿ ಜಾಸ್ತಿ, ಮನೆ ಸಾಲಕ್ಕೆ ಕಮ್ಮಿ. ಸರ್ಕಾರಿ ಸಂಬಳ ಬರುತ್ತಿದ್ದದ್ದು ಸ್ಪಂದನಾಗೆ ಮಾತ್ರ. ಬ್ಯಾಂಕಿನವರು ದುಡ್ಡನ್ನು ಕಂತಿನಂತೆ ನೇರವಾಗಿ ಕಂಟ್ರಾಕ್ಟರನ ಖಾತೆಗೇ ಹಾಕುತ್ತಾರೆ. ಹೆಚ್ಚಿನದನ್ನು ಅವನು ನಗದಾಗಿ ವಾಪಸ್ ತಂದುಕೊಡುವುದು ಎಂದು ಮಾತಾಗಿತ್ತು. ಸ್ಪಂದನಾಗೂ ಎಲ್ಲ ಗೊತ್ತಿತ್ತು. ತಮ್ಮನಿಗೆ ಅಕ್ಕ ಏನು ಮಾಡಿದಳು ಎಂದು ನಾಳೆ ಯಾರೂ ಕೇಳುವುದು ಬೇಡ ಎಂದುಕೊಂಡು, ಕಣ್ಣು ಬಿಟ್ಟುಕೊಂಡೇ ಸಹಿ ಹಾಕಿದ್ದಳು.

ಹೀಗೆ ಆ ಮನೆಯಲ್ಲಿ ಆಡಿದ್ದೆಲ್ಲ ನಿಜವಾಗಿತ್ತು, ಬರೆದದ್ದೊಂದೇ ಸುಳ್ಳು. ಈಗ ಮೋಹನ್‌ಕುಮಾರ್ ಆ ಸುಳ್ಳನ್ನೇ ಗಟ್ಟಿಯಾಗಿ ಹಿಡಿದುಕೊಂಡಿದ್ದ.

ಭಾನುವಾರ ಅವನೇ ಬಂದ. ಬಿಳಿ ಅಂಗಿ, ಬಿಳಿ ಪ್ಯಾಂಟು, ಕೈಯಲ್ಲಿ ಕಿತ್ತಳೆ ಹಣ್ಣಿನ ಕವರು. ಸ್ವರ್ಣಲತಾ ಬೆಳಿಗ್ಗೆಯೇ ನಾಟಿ ಕೋಳಿ ಕೊಯ್ಯಿಸಿದ್ದಳು. ತವರಿನ ಹುಡುಗ ಬಂದನೆಂದು ಬೆಟ್ಟಮ್ಮ ಟ್ರಂಕು ತೆಗೆದು ಒಂದು ಪಂಚೆ ಹೊರತೆಗೆದಳು. ಬಿಳಿ ಪಂಚೆ, ಬೆರಳಗಲ ಜರಿ ಅಂಚು. ಗೃಹಪ್ರವೇಶದ ದಿನ ಮನೆ ಕಟ್ಟಿದವನನ್ನು ಮಣೆ ಮೇಲೆ ಕೂರಿಸಿ, ಪಂಚೆ ಹೊದಿಸಿ, ತಾಂಬೂಲ ಕೊಟ್ಟ ಮೇಲೆಯೇ ಮನೆಯವರು ಹಾಲಿನ ಪಾತ್ರೆ ಹಿಡಿದು ಹೊಸ್ತಿಲು ದಾಟಬೇಕು. ಅವನಿಗೆಂದು ಕೊಣನೂರಿನಿಂದ ಮಾರ್ಚಿನಲ್ಲೇ ತರಿಸಿಟ್ಟಿದ್ದಳು.

“ನೋಡಪ್ಪ, ನಿಂಗೆ ಅಂತ ತಂದಿಟ್ಟಿವ್ನಿ. ಜಿರ್ಲೆ ತಿನ್ನೋಕೆ ಮುಂಚೆ ಹೊದಿಸ್ಕೊ.”

ಮೋಹನ್‌ಕುಮಾರ್ ಅಂಚನ್ನು ಬೆರಳಲ್ಲಿ ಉಜ್ಜಿ ನೋಡಿದ. “ಭರ್ಜರಿ ತಂದಿದೀರ ಅತ್ತೆ.”

ಊಟ ಮುಗಿಸಿ ಅವನು ಕೈ ತೊಳೆದು ಕೂತ ಮೇಲೆ ಸ್ಪಂದನಾ ಮಾತೆತ್ತಿದಳು. “ಮಾವ, ಅಡಿಗೆಮನೆ ಸೂರು ಸೋರ್ತಾ ಇದೆ.”

“ಹೊಸ ಮೋಲ್ಡು ಮೊದಲ್ನೇ ಮಳೇಲಿ ಬೆವರುತ್ತೆ ಕಣಮ್ಮ.”

“ಪಾತ್ರೆ ಇಟ್ರೆ ತುಂಬುತ್ತೆ. ಅಷ್ಟೊಂದು ಬೆವರೋಕೆ ಅದೇನು ಹೊಲದಲ್ಲಿ ಕಳೆ ಕಿತ್ತಿದ್ಯಾ?”

“ಟಿಕೆಟ್ ಹರಿಯೋರಿಗೆ ಕಾಂಕ್ರೀಟು ಗೊತ್ತಾಗಲ್ಲ ಬಿಡು.”

“ಚಿಲ್ಲರೆ ಗೊತ್ತಾಗುತ್ತೆ. ಬ್ಯಾಂಕಿಂದ ನಿಮಗೆ ಬಂದಿದ್ದು ಒಂಬತ್ತು ಲಕ್ಷ. ನೀವು ವಾಪಸ್ ಕೊಟ್ಟಿದ್ದು ಒಂದು. ಮಾತಾಡಿದ್ದು ಎಂಟು. ಆ ಎಂಟೂ ನಿಮ್ಮತ್ರ ಇದೆ. ಟೈಲ್ಸ್ ಎಲ್ಲಿ? ಬಚ್ಚಲೆಲ್ಲಿ? ಕಿಟಕಿ ಎಲ್ಲಿ?”

“ಕಿಟಕಿ ಬಡಗಿ ಹತ್ರ ಇದೆ, ಮರ ಇನ್ನೂ ಹಸಿ. ಅದಿರ್ಲಿ, ಎಂಟು ಅಂತೀಯಲ್ಲ, ಯಾವ ಎಂಟು?” ಅವನು ಮೊಬೈಲ್ ತೆಗೆದು ಒಂದು ಫೋಟೋ ದೊಡ್ಡದು ಮಾಡಿ ಅವಳ ಮುಂದೆ ಹಿಡಿದ. “ಎಸ್ಟಿಮೇಟಿನಲ್ಲಿ ಎಷ್ಟಿದೆ, ಓದು. ಕೆಳಗಿರೋದು ಯಾರ ಸಹಿ?”

ಕಾಂತರಾಜು ಎದ್ದು ನಿಂತ. “ಅದು ಬ್ಯಾಂಕಿಗೆ ಅಂತ ಬರ್ದಿದ್ದಲ್ವೇನ್ಲಾ ಮೋಹನ?”

“ಭಾವ, ಹಂಗಂತ ಎಲ್ಲೂ ಹೇಳ್ಬೇಡಿ. ಬ್ಯಾಂಕಿಗೆ ಸುಳ್ಳು ಕಾಗದ ಕೊಟ್ವಿ ಅಂದ್ರೆ ಮೊದ್ಲು ಹೋಗೋದು ಈ ಹುಡುಗಿ ಕೆಲಸ. ರೇಟು ಎಲ್ಲಾ ಏರಿದೆ. ಉಳಿದ ಮೂರು ಲಕ್ಷ ಬಿಡಿಸಿಕೊಡ್ಲಿ, ಹದಿನೈದು ದಿನಕ್ಕೆ ಮುಗಿಸ್ತೀನಿ. ಅದ್ರಲ್ಲಿ ಒಂದು ಲಕ್ಷ ನಿಸರ್ಗನ ಕೈಗೆ ಅವತ್ತೇ ಕೊಡ್ತೀನಿ.” ನಿಸರ್ಗನ ಬೆನ್ನು ತಟ್ಟಿದ. “ಗಾಡಿ ಯಾವ ಬಣ್ಣ ಅಳಿಯಾ?”

“ಬಿಳಿದು, ಮಾವ.”

“ಸಹಿ ಹಾಕ್ದೆ ಇದ್ರೆ?” ಎಂದಳು ಸ್ಪಂದನಾ.

“ನಮ್ ಗಾರೆ ಹುಡುಗ್ರು ಬೇರೆ ಕೆಲಸಕ್ಕೆ ಹೋಗ್ತಾರೆ. ನಿಮ್ಮ ಸೊಪ್ಪು ಬರೋ ಹೊತ್ತಿಗೆ ನಿಮ್ಮ ಸಾಮಾನು ಬೀದೀಲಿರುತ್ತೆ. ಯೋಚ್ನೆ ಮಾಡಮ್ಮ.” ಅವನು ಬೆಟ್ಟಮ್ಮನ ಕಾಲು ಮುಟ್ಟಿ ಹೊರಟ.

ಅವನ ಕಾರು ತಿರುವು ದಾಟುವ ಮೊದಲೇ ಜಗಳ ಶುರುವಾಯಿತು. ಒಂದು ಸಹಿಗೆ ಎಲ್ಲರನ್ನೂ ಹಿಂಸೆ ಮಾಡುತ್ತೀಯ ಎಂದು ಕಾಂತರಾಜು, ಅಕ್ಕನಿಗೆ ತನ್ನ ಗಾಡಿ ಬರುವುದು ಇಷ್ಟವಿಲ್ಲ ಎಂದು ನಿಸರ್ಗ. ಅವನು ವಾಪಸ್ ಬಂದಿದ್ದ ಒಂದು ಲಕ್ಷ ಕಟ್ಟಿ ಆಗಲೇ ಗಾಡಿ ಬುಕ್ ಮಾಡಿದ್ದ.

“ನಿನ್ ಗಾಡಿಗೆ ನಾನು ಹದಿನೈದು ವರ್ಷ ಕಂತು ಕಟ್ತೀನಿ ಅಂತ ಒಪ್ಪಿದೋಳು ಕಣೋ. ಇಷ್ಟ ಇಲ್ಲ ಅಂತ ನನ್ನೇ ಕೇಳ್ತೀಯಲ್ಲ!”

“ಸಾಕ್ ಮಾಡ್ರಿ,” ಎಂದಳು ಬೆಟ್ಟಮ್ಮ. “ಅವ್ನು ನನ್ ತವರುಮನೆ ಕೂಸು. ಮೋಸ ಮಾಡ್ದೋನು ಅಂತ ನನ್ ಬಾಯಲ್ಲಿ ಅನ್ನುಸ್ಬೇಡಿ. ಸಹಿ ಹಾಕ್ಬುಡೇ ಕೂಸೇ, ನಾನು ಕೇಳ್ಕತೀನಿ ಅವನ್ನ.”

“ಅಡಿಗೆ ಎಲ್ ಮಾಡ್ತೀಯ ಅಂತ ನಿಮ್ಮಲ್ಲಿ ಒಬ್ರಾದ್ರೂ ಕೇಳುದ್ರಾ?” ಎಂದು ಟಾರ್ಪಾಲಿನ ಕೆಳಗಿನಿಂದ ಸ್ವರ್ಣಲತಾ ಕೂಗಿದಳು. “ಐದು ತಿಂಗಳಿಂದ ಮಳೇಲಿ, ಬಿಸ್ಲಲ್ಲಿ ಈ ಒಲೆ ಮುಂದೆ ನಾನ್ ಕೂತಿವ್ನಿ. ಕೋಳಿ ಮಾತ್ರ ಎಲ್ರಿಗೂ ರುಚಿಯಾಗಿತ್ತು.”

ಸ್ಪಂದನಾ ಸಹಿ ಹಾಕಲಿಲ್ಲ. ಮಂಗಳವಾರದಿಂದ ಗಾರೆಯವರು ಬರಲಿಲ್ಲ. ಅರ್ಧ ಬಳಿದ ಗೋಡೆ, ಮಣ್ಣು ನೆಲ, ಕಿಟಕಿ ಇರಬೇಕಾದಲ್ಲಿ ಬಾಯ್ದೆರೆದ ಚೌಕ ಕಿಂಡಿಗಳು. ಮನೆ ಹಾಗೇ ನಿಂತಿತು.

ಜುಲೈ ಎರಡನೇ ವಾರ ಅವಳಿಗೆ ಬೇರೆ ರೂಟು ಹಾಕಿದರು. ತಮ್ಮ ತಾಲ್ಲೂಕು ಅರಕಲಗೂಡಿನಿಂದ ಹೊಳೆನರಸೀಪುರ, ಚನ್ನರಾಯಪಟ್ಟಣದ ಮೇಲೆ ಹಿರೀಸಾವೆಗೆ. ಚನ್ನರಾಯಪಟ್ಟಣದಲ್ಲಿ ಹೊಸ ಇಡ್ಲಿ ಪಾತ್ರೆ ಹಿಡಿದುಕೊಂಡು ಒಬ್ಬ ಹೆಂಗಸು ಹತ್ತಿದಳು. ಜಾಗ ಸಿಕ್ಕ ಕೂಡಲೇ ಪಕ್ಕದವಳ ಜೊತೆ ಮಾತಿಗಿಳಿದಳು. ಹೆಸರು ಮಾರಮ್ಮ, ಹಿರೀಸಾವೆಯಲ್ಲಿ ಬಸ್ ನಿಲ್ಲುವಲ್ಲಿಂದ ಎರಡು ಹೆಜ್ಜೆಗೆ ಹೋಟೆಲು, ಹೋಟೆಲಿನ ಹಿಂದೆ ಹೊಸ ಮನೆ, ಬರುವ ತಿಂಗಳು ಗೃಹಪ್ರವೇಶ.

“ಯಾರವ್ವ ಕಟ್ಟಿದ್ದು?” ಎಂದಳು ಪಕ್ಕದವಳು.

“ನರಸೀಪುರದ ಮೋಹನ್‌ಕುಮಾರ್ ಅಂತ. ಒಳ್ಳೇ ಮನುಸ್ಯ. ಕಿಟಕಿ ಬಾಗ್ಲುಗೆ ಹಲಸಿನ ಮರ ಕೊಡ್ಸುದ್ರು. ಅರಕಲಗೂಡು ಕಡೆ ಅವ್ರತ್ತೆ ಮನೆದಂತೆ, ಹಳೇ ಮರ. ಮಿಲ್ಲಿನ ರೇಟ್ಗಿಂತ ಕಮ್ಮಿಗೆ ಬಂತು ನಮ್ಗೆ.”

ಸ್ಪಂದನಾ ಟಿಕೆಟ್ ಮೆಷಿನ್ನಿನ ಗುಂಡಿ ಒತ್ತುವುದನ್ನು ಬಿಟ್ಟು ನಿಂತಳು. ಹಿಂದಿನಿಂದ ಯಾರೋ “ಚಿಲ್ಲರೆ ಕೊಡಮ್ಮ” ಎಂದ ಮೇಲೆಯೇ ಕೈ ಅಲ್ಲಾಡಿದ್ದು.

ಅಂದು ಸಂಜೆ ಊಟದ ಹೊತ್ತಿಗೆ ಅವಳು ಅದನ್ನು ಹೇಳಿದಾಗ ಯಾರೂ ನಂಬಲಿಲ್ಲ. ಮರ ಯಾವುದಾದರೇನು, ಹಲಸು ಒಂದೇ ಇದೆಯಾ ಲೋಕದಲ್ಲಿ ಎಂದ ಕಾಂತರಾಜು. ಬೆಟ್ಟಮ್ಮ ಮಾತ್ರ ಮುದ್ದೆ ಮುರಿಯುವುದನ್ನು ನಿಲ್ಲಿಸಿದಳು.

“ನಾಳೆ ನಿನ್ ಬಸ್ಗೆ ನಾನೂ ಬತ್ತೀನಿ.”

“ಯಾಕಜ್ಜಿ?”

“ಯಾಕೇನು. ಹೆಂಗಸ್ರಿಗೆ ಪುಕ್ಸಟ್ಟೆ ಅಲ್ವಾ?”

ಮರುದಿನ ಅಜ್ಜಿ ಡ್ರೈವರನ ಹಿಂದಿನ ಸೀಟಿನಲ್ಲಿ ಕೂತಳು. ಸ್ಪಂದನಾ ಮೆಷಿನ್ ಹಿಡಿದು ಬಂದು ಎದುರಿಗೆ ನಿಂತಳು. “ಆಧಾರ್ ತೋರ್ಸಜ್ಜಿ.”

“ನಿಮ್ಮಪ್ಪನ್ನ ಹೆತ್ತೋಳು ನಾನು. ನಂಗೇ ಆಧಾರ್ ಕೇಳ್ತೀಯೇನೇ?”

“ತೋರ್ಸಿಲ್ಲ ಅಂದ್ರೆ ದುಡ್ಡು ಕೊಡು.”

“ಗಯ್ಯಾಳಿ,” ಎಂದು ಅಜ್ಜಿ ಕುಪ್ಪಸದೊಳಗಿನಿಂದ ಕಾರ್ಡು ತೆಗೆದಳು. ಸುತ್ತಲಿನವರು ನಕ್ಕರು. ಡ್ರೈವರ್ ಕನ್ನಡಿಯಲ್ಲಿ ನೋಡಿ, “ಬುಡಿ ಮೇಡಂ, ಪಾಪ” ಎಂದ. “ನೀನ್ ರೋಡ್ ನೋಡಪ್ಪ” ಎಂದು ಅಜ್ಜಿಯೇ ಅವನನ್ನು ಗದರಿಸಿದಳು.

ಹಿರೀಸಾವೆಯಲ್ಲಿ ಬಸ್ಸು ಕಾಫಿಗೆ ನಿಂತಿತು. ಹೋಟೆಲಿನ ಹಿಂದಿನ ಹೊಸ ಮನೆಯನ್ನು ಮಾರಮ್ಮ ತಾನೇ ಕರೆದುಕೊಂಡು ಹೋಗಿ ತೋರಿಸಿದಳು. ತಾವೂ ಮನೆ ಕಟ್ಟಿಸುತ್ತಿದ್ದೇವೆ ಎಂದದ್ದೇ ಅವಳಿಗೆ ಸಾಕಾಯಿತು. ಹಳದಿ ಬಣ್ಣದ ಕಿಟಕಿ ಚೌಕಟ್ಟುಗಳಿಗೆ ಇನ್ನೂ ಪಾಲಿಶ್ ಬಿದ್ದಿರಲಿಲ್ಲ. ಬೆಟ್ಟಮ್ಮ ಒಂದೊಂದರ ಮೇಲೂ ಕೈಯಾಡಿಸುತ್ತ ಹೋದಳು. ಬಚ್ಚಲ ಪಕ್ಕದ ಕಿಟಕಿಯ ಹತ್ತಿರ ನಿಂತಳು. ಚೌಕಟ್ಟಿನಲ್ಲಿ ಎರಡು ಕಬ್ಬಿಣದ ಮೊಳೆ ಮುರಿದು ಉಳಿದಿದ್ದವು. ಸುತ್ತ ಮರ ನೀಲಿಗಪ್ಪಾಗಿತ್ತು.

“ಇವೆರಡು ಮೊಳೆ ಬರ್ಲೇ ಇಲ್ಲ ಕಣಕ್ಕ. ಬಡಗಿ ಗರಗಸದ ಹಲ್ಲೇ ಓಯ್ತಂತೆ,” ಎಂದಳು ಮಾರಮ್ಮ.

“ಬರಾಕಿಲ್ಲ,” ಎಂದಳು ಬೆಟ್ಟಮ್ಮ. “ಎಮ್ಮೆ ಕಟ್ಟಕೆ ಕಬ್ಣದ ಬಳೆ ಹೊಡ್ಸಿದ್ದು. ಎಮ್ಮೆ ಎಳುದ್ರೂ ಬರ್ನಿಲ್ಲ.”

ಮಾರಮ್ಮನಿಗೆ ಅರ್ಥವಾಗಲಿಲ್ಲ. ಅವಳು ಕಾಫಿ ತಂದುಕೊಟ್ಟಳು. ಬೆಟ್ಟಮ್ಮ ಕುಡಿದು, ಮನೆ ಚೆನ್ನಾಗಿದೆ ಎಂದು ಹೇಳಿ, ಬಸ್ಸು ಹತ್ತಿದಳು.

“ಅವಳಿಗೆ ಯಾಕೆ ಹೇಳ್ಲಿಲ್ಲ?” ಎಂದು ಸ್ಪಂದನಾ ಕೇಳಿದಳು.

“ಅವ್ಳು ದುಡ್ಡು ಕೊಟ್ ತಕಂಡವ್ಳೆ. ಅವ್ಳದೇನು ತಪ್ಪು?” ಬಸ್ಸು ಹೊಳೆನರಸೀಪುರ ದಾಟಿತು. ಅಜ್ಜಿ ಕೇಳಿದಳು: “ಆ ಹನ್ನೆರಡು ಅಂತ ಬರೆದಿದ್ದೀವಲ್ಲ, ಅದು ಸುಳ್ಳು ಅಂತ ನಾವೇ ಹೋಗಿ ಹೇಳ್ಬುಟ್ರೆ ಅವ್ನ ಕೈಲಿ ಇನ್ನೇನೈತೆ?”

“ಏನೂ ಇರಲ್ಲ. ಆದ್ರೆ ನನ್ ಕೆಲಸಕ್ಕೆ ತೊಂದ್ರೆ ಆಗ್ಬೋದು.”

“ನೀನ್ ಯೋಳು. ಕೆಲ್ಸ ನಿಂದು.”

ಶುಕ್ರವಾರ ವಾರದ ರಜೆ. ಸ್ಪಂದನಾ ಹಾಸನದ ಬ್ಯಾಂಕಿಗೆ ಹೋದಳು. ಮ್ಯಾನೇಜರ್ ಪಂಚಾಕ್ಷರಯ್ಯನವರು ಅವಳನ್ನು ನೋಡಿ, “ಬಾಮ್ಮ, ಕೊನೇ ಕಂತಿನ ಸಹಿಗಾ?” ಎಂದರು.

“ಅಲ್ಲ ಸರ್. ಈ ಎಸ್ಟಿಮೇಟು ಸುಳ್ಳು ಅಂತ ಹೇಳೋಕೆ ಬಂದೆ.”

ಅವರು ಕನ್ನಡಕ ತೆಗೆದರು. “ಮೆತ್ತಗೆ ಮಾತಾಡು. ಯಾರು ಮಾಡಿದ್ದು?”

“ಕಂಟ್ರಾಕ್ಟರ್ ಬರೆದರು. ನಾವು ಬರೆಸಿದ್ವಿ. ನಾನು ಗೊತ್ತಿದ್ದೇ ಸಹಿ ಹಾಕಿದೆ. ಕೆಲಸ ಎಂಟು ಲಕ್ಷದ್ದು. ಒಂದು ಲಕ್ಷ ನಮ್ಮ ಮನೆಗೆ ವಾಪಸ್ ಬಂದಿದೆ, ಅದನ್ನ ಸಾಲಕ್ಕೆ ಕಟ್ತೀನಿ. ಉಳಿದ ಮೂರು ಬಿಡಬೇಡಿ.”

“ಇಂಥದ್ದನ್ನ ನಾವು ಕಂಡುಹಿಡೀಬೇಕಮ್ಮ. ನೀವಾಗೇ ಬಂದು ಹೇಳಿದ್ರೆ ನಾನೇನು ಮಾಡ್ಲಿ?”

“ಅದು ನಿಮಗೆ ಗೊತ್ತಿರಬೇಕು ಸರ್.”

ಪಂಚಾಕ್ಷರಯ್ಯನವರಿಗೆ ಸಿಟ್ಟು ಬಂತು. ಬೈದರು. ಓದಿದ ಹುಡುಗಿ, ಸರ್ಕಾರಿ ಕೆಲಸದಲ್ಲಿರುವವಳು ಎಂದು ಇನ್ನೂ ಏನೇನೋ ಅಂದರು. ಅವಳು ಕೂತು ಕೇಳಿಸಿಕೊಂಡಳು. ಕೊನೆಗೆ ಒಂದು ಹಾಳೆ ಮುಂದಿಟ್ಟು, ಹೇಳಿದ್ದನ್ನೆಲ್ಲ ಬರೆದುಕೊಡು ಎಂದರು. ಕಂತು ನಿಲ್ಲಿಸುತ್ತೇವೆ, ಎಂಜಿನಿಯರ್ ಕಳಿಸಿ ಕೆಲಸ ಎಷ್ಟಾಗಿದೆ ಅಂತ ಅಳೆಸುತ್ತೇವೆ, ಕಂಟ್ರಾಕ್ಟರಿಗೆ ನೋಟಿಸ್ ಹೋಗುತ್ತದೆ.

“ನಿಮ್ಮ ಇಲಾಖೆಗೆ ತಿಳಿಸೋದು, ಬಿಡೋದು ನನ್ನ ಮೇಲಿನವರಿಗೆ ಬಿಟ್ಟಿದ್ದು. ಅದು ಗೊತ್ತಿರಲಿ.”

“ತಿಳಿಸಲಿ ಸರ್,” ಎಂದು ಅವಳು ಪೆನ್ನು ಕೇಳಿದಳು.

ಮನೆಯಲ್ಲಿ ಅದನ್ನು ಹೇಳಿದಾಗ ಕಾಂತರಾಜು ಉಣ್ಣುತ್ತಿದ್ದ ತಟ್ಟೆಯನ್ನು ತಳ್ಳಿದ. ಹುರುಳಿ ಸಾರು ಚಾಪೆಯ ಮೇಲೆಲ್ಲ ಹರಡಿತು.

“ಮನೆ ಮರ್ಯಾದೆ ತಕಂಡೋಗಿ ಬ್ಯಾಂಕ್‌ನೋರ್ ಮುಂದೆ ಇಟ್ಬುಟ್ಯಲ್ಲೇ! ಕಳ್ರು ನಾವು ಅಂತ ಬರ್ದುಕೊಟ್ಯಾ?”

“ಹೌದಪ್ಪ. ನಾವೂ ಅಂತ ಬರ್ದೆ. ಅವನೊಬ್ಬನೇ ಅಂತ ಬರೆದಿದ್ರೆ ಅದೂ ಸುಳ್ಳೇ ಆಗ್ತಿತ್ತು.”

“ನನ್ ಗಾಡಿ?” ಎಂದ ನಿಸರ್ಗ.

“ಬುಕಿಂಗ್ ಕ್ಯಾನ್ಸಲ್ ಮಾಡ್ಸು. ಆ ಒಂದು ಲಕ್ಷ ಸೋಮವಾರ ಕಟ್ಬೇಕು.”

“ನಿನ್ಗೆ ಸಂಬಳ ಬರುತ್ತೆ, ಮಾತಾಡ್ತೀಯ. ನಾನು ಊರಲ್ಲಿ ಎಲ್ರಿಗೂ ಗಾಡಿ ಬರ್ತಿದೆ ಅಂತ ಹೇಳಿದೀನಿ. ನಾಳೆ ಮುಖ ಎಲ್ಲಿಟ್ಕೊಳ್ಳಿ?”

“ಮುಖ ಇದ್ದಲ್ಲೇ ಇಟ್ಕೊ. ಬರೋ ತಿಂಗಳು ಸೊಪ್ಪು ಮುರಿಯೋಕೆ ಆಳು ಕಮ್ಮಿ ಇದೆ.”

ಕಾಂತರಾಜು ಕೈ ಎತ್ತಿದ. ಸ್ಪಂದನಾ ಕೂತಲ್ಲಿಂದ ಸರಿಯಲಿಲ್ಲ. ಎದ್ದು ನಡುವೆ ಬಂದವಳು ಬೆಟ್ಟಮ್ಮ.

“ಇಳ್ಸು ಕೈನ. ಅವ್ಳು ಬರ್ದಿದ್ದು ನನ್ ಕೇಳ್ಕಂಡೇ. ನನ್ ಮರ ಇನ್ಯಾರ್ದೋ ಬಚ್ಚಲ ಕಿಟಕಿಯಾಗಿ ನಿಂತೈತೆ, ಕಣ್ಣಾರೆ ಕಂಡು ಬಂದಿವ್ನಿ. ನನ್ ತವರುಮನೆ ಮರ್ಯಾದೆ ನಾನ್ ನೋಡ್ಕತೀನಿ, ನೀನ್ ಬ್ಯಾರನ್ ಕೆಲ್ಸ ನೋಡು.”

ಕಾಂತರಾಜು ಹೊರಗೆ ಹೋಗಿ ಒಲೆಯ ಹತ್ತಿರ ಕೂತ. ಸ್ವರ್ಣಲತಾ ಅವನಿಗೆ ಇನ್ನೊಂದು ತಟ್ಟೆ ಹಾಕಿಕೊಟ್ಟಳು. “ಚಾಪೆ ನೀವೇ ತೊಳೀರಿ,” ಎಂದಳು.

ಅವನು ಒಂದು ವಾರ ಮಗಳ ಜೊತೆ ಮಾತಾಡಲಿಲ್ಲ. ನಿಸರ್ಗ ಬುಕಿಂಗ್ ಕ್ಯಾನ್ಸಲ್ ಮಾಡಿಸಿದ. ಶೋರೂಮಿನವರು ಸ್ವಲ್ಪ ಮುರಿದುಕೊಂಡೇ ದುಡ್ಡು ಕೊಟ್ಟರು. ಅದನ್ನು ಅಕ್ಕನ ಹಾಸಿಗೆಯ ಮೇಲೆ ಎಸೆದು, “ಕಮ್ಮಿ ಇರೋದನ್ನ ನಿನ್ ಸತ್ಯದಿಂದ ತುಂಬ್ಕೊ” ಎಂದ. ಅವಳು ಸಂಬಳದಿಂದ ತುಂಬಿ ಬ್ಯಾಂಕಿಗೆ ಕಟ್ಟಿದಳು. ಎಂಜಿನಿಯರ್ ಬಂದು ಟೇಪು ಹಿಡಿದುಕೊಂಡು ಮನೆಯೆಲ್ಲ ಸುತ್ತಾಡಿ, ಸೋರುವ ಸೂರಿನ ಫೋಟೋ ತೆಗೆದುಕೊಂಡು ಹೋದ. ಮೋಹನ್‌ಕುಮಾರನ ಫೋನುಗಳನ್ನು ಯಾರೂ ಎತ್ತಲಿಲ್ಲ. ಕಾಂತರಾಜು ಎತ್ತಲು ಹೋದಾಗಲೆಲ್ಲ ಬೆಟ್ಟಮ್ಮ ಅವನ ಕಡೆ ನೋಡುತ್ತಿದ್ದಳು.

ಆಗಸ್ಟ್ ಮೊದಲ ವಾರ ಬುಡದ ಎಲೆಗಳು ಹಳದಿಯಾದವು. ಇನ್ನು ತಡೆಯುವಂತಿರಲಿಲ್ಲ.

“ಮನೆಗೆ ಓಗಾನ ನಡೀರಿ,” ಎಂದಳು ಸ್ವರ್ಣಲತಾ, ಬೆಳಿಗ್ಗೆ ಎದ್ದವಳೇ.

“ಕಿಟಕಿ ಇಲ್ದೆ, ನೆಲ ಇಲ್ದೆ? ಗೃಹಪ್ರವೇಶ ಆಗ್ದೆ?” ಎಂದ ಕಾಂತರಾಜು.

“ಸೂರಿಲ್ದೆ ಇಷ್ಟ್ ದಿನ ಬೇಯಿಸ್ನಿಲ್ವಾ? ಹಾಲುಕ್ಕಿಸೋದು ಬ್ಯಾಡ. ಅನ್ನ ಇಡ್ತೀನಿ.” ಅವಳು ಒಲೆಯನ್ನು ತಾನೇ ಹೊತ್ತುಕೊಂಡು ಹೊಸ್ತಿಲು ದಾಟಿದಳು. ಸೋರುವ ಜಾಗದ ಕೆಳಗೆ ಒಂದು ಕೊಳಗ ಇಟ್ಟು, ಅದರ ಪಕ್ಕದಲ್ಲೇ ಒಲೆ ಹೂಡಿದಳು. ನಿಸರ್ಗ ಅಜ್ಜಿಯ ಮಂಚದ ಒಂದು ತುದಿ ಹಿಡಿದ, ಸ್ಪಂದನಾ ಇನ್ನೊಂದು ತುದಿ. ಇಬ್ಬರೂ ಇನ್ನೂ ಮಾತಾಡುತ್ತಿರಲಿಲ್ಲ. ಬಾಗಿಲಲ್ಲಿ ಮಂಚ ಸಿಕ್ಕಿಕೊಂಡಾಗ ಮಾತ್ರ “ಎಡಕ್ಕೆ” ಎಂದ ಅವನು. “ಯಾರ ಎಡಕ್ಕೆ?” ಎಂದಳು ಅವಳು. ಮಂಚ ಒಳಗೆ ಬಂತು.

ಹತ್ತು ಗಂಟೆಗೆ ಆಳುಗಳು ಹೊಲದಿಂದ ಎಲೆ ತಂದು ಅಂಗಳದಲ್ಲಿ ರಾಶಿ ಹಾಕಿದರು. ಹೆಂಗಸರು ಕೂತು ಕಡ್ಡಿಗೆ ಕಟ್ಟತೊಡಗಿದರು. ಖಾಲಿಯಾದ ಬ್ಯಾರನ್ನಿನ ಒಲೆಯನ್ನು ಕಾಂತರಾಜು ಗುಡಿಸಿ, ಸೌದೆ ಜೋಡಿಸುತ್ತಿದ್ದ. ಆಗ ಮೋಹನ್‌ಕುಮಾರನ ಕಾರು ಬಂದು ರಸ್ತೆಯಲ್ಲೇ ನಿಂತಿತು. ಅವನ ಕೈಯಲ್ಲಿ ಬ್ಯಾಂಕಿನ ನೋಟಿಸ್ ಇತ್ತು.

“ಭಾವ! ಇದೇನು ನೀವು ಮಾಡಿದ್ದು? ಎರಡು ಲಕ್ಷದ ಚಿಲ್ಲರೆ ವಾಪಸ್ ಕಟ್ಟು ಅಂತ ಬರೆದವ್ರೆ ನಂಗೆ! ಬೇರೆ ಪಾರ್ಟಿಗಳಿಗೂ ಈ ಬ್ಯಾಂಕಲ್ಲೇ ಸಾಲ ಮಾಡಿಸಿದೀನಿ. ನನ್ನ ಬಾಯಿಗೆ ಮಣ್ಣು ಹಾಕ್ಬುಟ್ರಲ್ಲ!”

ಕಾಂತರಾಜು ಸೌದೆ ಕೆಳಗಿಟ್ಟ. ಬಾಯಿ ತೆರೆದ. ಮಗಳ ಕಡೆ ನೋಡಿದ. ಆಮೇಲೆ, “ಬರೆದವಳು ಅಲ್ಲೇ ಅವ್ಳೆ, ಅವಳನ್ನೇ ಕೇಳು. ನಂಗೆ ಬೆಂಕಿ ಹಚ್ಚೋದೈತೆ,” ಎಂದು ಬಗ್ಗಿ ಸೌದೆ ಎತ್ತಿಕೊಂಡ.

“ಎಷ್ಟು ಕೆಲಸ ಮಾಡಿದ್ದೀರೋ ಅಷ್ಟು ನಿಮ್ಮದು ಮಾವ. ಮಿಕ್ಕಿದ್ದು ಕಟ್ಟಿ,” ಎಂದಳು ಸ್ಪಂದನಾ. ಅವಳು ಖಾಕಿ ಅಂಗಿ ಹಾಕಿ ಹೊರಟು ನಿಂತಿದ್ದಳು. “ನಾನೂ ಕಟ್ಟಿದೀನಿ. ನನ್ನ ಕೆಲಸ ಉಳಿಯುತ್ತೋ ಇಲ್ವೋ ಗೊತ್ತಿಲ್ಲ. ಅದನ್ನ ಹೇಳಿ ನನ್ನನ್ನ ಹೆದರಿಸೋಕೆ ನಿಮಗೆ ಇನ್ನು ಆಗಲ್ಲ, ಅಷ್ಟೇ.”

“ಅತ್ತೆ!” ಎಂದು ಅವನು ಮನೆಯ ಕಡೆ ತಿರುಗಿದ. “ನೀವಾದ್ರೂ—”

ರಸ್ತೆ ಕಡೆಯ ಕಿಟಕಿಯ ಕಿಂಡಿಗೆ ಬಿಳಿ ಪಂಚೆ ಕಟ್ಟಿತ್ತು. ಮೇಲೆರಡು, ಕೆಳಗೆರಡು ಮೊಳೆ ಹೊಡೆದು ಬಿಗಿಯಾಗಿ ಎಳೆದಿದ್ದರು. ಬೆರಳಗಲದ ಜರಿ ಅಂಚು ಬಿಸಿಲಿಗೆ ಮಿನುಗುತ್ತಿತ್ತು.

“ಅದು ನಂಗೆ ಅಂತ ತಂದಿದ್ದಲ್ವಾ ಅತ್ತೆ?”

ಬೆಟ್ಟಮ್ಮ ಪಂಚೆಯ ಒಂದು ಮೂಲೆ ಸರಿಸಿ ಒಳಗಿನಿಂದ ಮುಖ ಹೊರಗೆ ಹಾಕಿದಳು.

“ಊಂ ಕಣಪ್ಪ, ನಿಂದೇ. ನನ್ ಮರದ ಕಿಟಕಿ ತಂದು ಕೂರ್ಸು, ಬಿಚ್ಚಿ ಒಗ್ದು ಮಡಚಿ ಕೊಡ್ತೀನಿ. ಅಲ್ಲೀಗಂಟ ನಂಗೆ ಗಾಳಿ ಬತ್ತದೆ, ಚಳಿ.”

ಎಲೆ ಕಟ್ಟುತ್ತಿದ್ದ ಹೆಂಗಸರಲ್ಲಿ ಒಬ್ಬಳು ಕಿಸಕ್ಕನೆ ನಕ್ಕಳು. ಬ್ಯಾರನ್ನಿನ ಒಲೆಯಿಂದ ಮೊದಲ ಹೊಗೆ ಎದ್ದಿತು.

“ದಾರಿ ಬಿಡಿ ಮಾವ,” ಎಂದಳು ಸ್ಪಂದನಾ, ಚೀಲವನ್ನು ಹೆಗಲಿಗೇರಿಸುತ್ತ. “ನನ್ನ ಬಸ್ಸಿಗೆ ಹೊತ್ತಾಯ್ತು.”